ಗುಳೆಫಲ ಮೀಮಾಂಸೆ

ಪೀಠಿಕೆ

ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಕಿರುಶಾಸನಗಳಿವೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಗತಿ ಆಗಲಿಲ್ಲ, ಸಂಘವನ್ನು ಸೇರಿದ ಮೇಲೆ ಒಂದು ವರ್ಷದಿಂದ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎಂದು ಚಕ್ರವರ್ತಿ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಈ ಜಿಲ್ಲೆಯ ಅತ್ಯಂತ ಹಳೆಯ ಪ್ರಗತಿ ವರದಿ ಇದೇ ಇರಬೇಕು. ಮೊದಲ ವರ್ಷದ ಸಾಧನೆ ಏನೇನೂ ಸಾಲದು ಎಂದು ಒಪ್ಪಿಕೊಂಡ ಕೊನೆಯ ವರದಿಯೂ ಇದೇ ಎಂಬುದು ಈ ಗ್ರಂಥಕರ್ತನ ಗುಮಾನಿ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿಂದ ಗುಳೆ ಹೋಗುವ ಹೊಲದ ಕೂಲಿಕಾರರಿಗೆ ಸರ್ಕಾರ ಕೊಡುವ ಉದ್ಯೋಗ ತರಬೇತಿಯ ಫಲವನ್ನು ಹೇಗೆ ಅಳೆಯುತ್ತಾರೆ, ಹೇಗೆ ಅಳೆಯಬೇಕು ಎಂಬುದು ನಮ್ಮ ವಿಷಯ. ಕನಕಗಿರಿ, ಕಾರಟಗಿ, ಕುಕನೂರು ಸೇರಿ ತಾಲ್ಲೂಕುಗಳು ಈಗ ಏಳಾಗಿವೆ. ಶಾಸ್ತ್ರಕ್ಕೆ ಹಳೆಯ ನಾಲ್ಕೇ ಸಾಕು. ಇಲ್ಲಿ ವರ್ಗೀಕರಣವೇನೂ ಹೊಸದಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಹಿಂದುಳಿದ 35, ಅತಿ ಹಿಂದುಳಿದ 40, ಅತ್ಯಂತ ಹಿಂದುಳಿದ 39 ಎಂದು ಮೂರು ಪಂಕ್ತಿಗಳಲ್ಲಿ ಕೂರಿಸಿತು. ಕುಷ್ಟಗಿ, ಯಲಬುರ್ಗಾಗಳಿಗೆ ಕೊನೆಯ ಪಂಕ್ತಿಯೇ ಸಿಕ್ಕಿತು. ಗುಳೆಯ ಹೆಬ್ಬಾಗಿಲೂ ಅವೇ.

ಪ್ರಥಮ ಪ್ರಕರಣ: ಗುಳೆಯ ಪ್ರಭೇದಗಳು

ಗುಳೆ ನಾಲ್ಕು ಬಗೆ.

ಮೊದಲನೆಯದು ಟಂಟಂ ಗುಳೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಗಂಗಾವತಿ, ಕಾರಟಗಿ ಸೀಮೆಯಲ್ಲಿ ಭತ್ತದ ನಾಟಿ ಶುರು. ಮಳೆ ನಂಬಿದ ಊರುಗಳ ಹೆಣ್ಣಾಳುಗಳು ನಸುಕಿನಲ್ಲೇ ರೊಟ್ಟಿ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತುತ್ತಾರೆ. ಎಕರೆಗೆ ಇಷ್ಟು ಎಂದು ಗುತ್ತಿಗೆ. ದೂರದವರು ಅಲ್ಲೇ ಬಿಡಾರ ಹೂಡುತ್ತಾರೆ. ಜಿಲ್ಲೆಯ ಗಡಿ ದಾಟದ ಕಾರಣ ಇದನ್ನು ವಲಸೆ ಎಂದು ಬರೆದುಕೊಳ್ಳುವವರು ಕಡಿಮೆ.

ಎರಡನೆಯದು ಜೋಡಿ ಗುಳೆ. ಕಬ್ಬಿನ ಗ್ಯಾಂಗಿನಲ್ಲಿ ಗಂಡ, ಹೆಂಡತಿ ಇಬ್ಬರೂ ಸೇರಿ ಒಂದು ಲೆಕ್ಕ. ಹಂಗಾಮಿಗೆ ಮೊದಲೇ ಗ್ಯಾಂಗಿನ ಮುಖಂಡನಿಂದ ಮುಂಗಡ ತೆಗೆದುಕೊಂಡು, ಅದು ತೀರುವವರೆಗೆ ಕಡಿಯುವುದು. ಮುಂಗಡ ತೀರದಿದ್ದರೆ ಬರುವ ವರ್ಷವೂ ಅದೇ ಮುಖಂಡನ ಹಿಂದೆ ಹೊರಡಬೇಕು.

ಮೂರನೆಯದು ಸೆಂಟ್ರಿಂಗ್ ಗುಳೆ: ಬೆಂಗಳೂರಿನ ಕಟ್ಟಡಗಳಿಗೆ. ಕಬ್ಬಿಣ ಕಟ್ಟುವುದು, ಕಾಂಕ್ರೀಟ್, ಗಿಲಾವ್, ತಗಡಿನ ಶೆಡ್ಡು. ನಾಲ್ಕನೆಯದು ಕಡಲ ಗುಳೆ: ಮಂಗಳೂರು, ಉಡುಪಿ, ಗೋವಾ.

ಸಂಜೆ ಹೊತ್ತು ಕುಷ್ಟಗಿ ಬಸ್ ನಿಲ್ದಾಣದಲ್ಲಿ ನಿಂತರೆ ಮೂರನೆಯ ಬಗೆ ಗುರುತಿಸಲು ಪಾಂಡಿತ್ಯ ಬೇಡ. ಜೋಳದ ಹಿಟ್ಟಿನ ಚೀಲ, ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಹಗ್ಗ ಬಿಗಿದ ಹಾಸಿಗೆ, ಒಂದು ಪ್ಲಾಸ್ಟಿಕ್ ಕೊಡ, ಕೊಡದೊಳಗೆ ಚಹಾಪುಡಿ, ಸಕ್ಕರೆ ಮತ್ತು ಒಂದು ಜೊತೆ ಚಪ್ಪಲಿ. ಪಕ್ಕದಲ್ಲಿ ಶಾಲೆಯ ಸಮವಸ್ತ್ರದಲ್ಲೇ ಹೊರಟ ಹುಡುಗಿ. ಇದ್ದ ಬಟ್ಟೆಗಳಲ್ಲಿ ಅದೇ ಗಟ್ಟಿ.

ದ್ವಿತೀಯ ಪ್ರಕರಣ: ವಿದ್ಯೆಯ ಪ್ರಭೇದಗಳು

ವಸತಿ ವಿದ್ಯೆ: 2014ರ ಸೆಪ್ಟೆಂಬರ್ 25ರಂದು ಶುರುವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ. ಹಳ್ಳಿಯ ಬಡಮನೆಯ ಮಕ್ಕಳಿಗೆ ಊಟ, ವಸತಿ ಕೊಟ್ಟು ಕಲಿಸಿ ಪಗಾರದ ಕೆಲಸಕ್ಕೆ ಹಚ್ಚುವುದು. ಕಲಿತವರಲ್ಲಿ ನೂರಕ್ಕೆ 70 ಮಂದಿಗೆ ಕೆಲಸ ಸಿಗಬೇಕು, ಅಲ್ಲಿ ಮೂರು ತಿಂಗಳು ನಿಲ್ಲಬೇಕು ಎಂಬುದು ವಿಧಿ.

ಕಂತಿನ ವಿದ್ಯೆ: 2015ರ ಜುಲೈ 15ರಂದು ಹುಟ್ಟಿದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆ. ಇದರ 2016–20ರ ನಿಯಮದಲ್ಲಿ ಕಲಿಸುವ ಕೇಂದ್ರಕ್ಕೆ ಹಣ ಮೂರು ಕಂತಿನಲ್ಲಿ: ತಂಡ ಕೂತಾಗ ನೂರಕ್ಕೆ 30, ಪ್ರಮಾಣಪತ್ರ ಬಂದಾಗ 50, ಕೆಲಸ ಸಿಕ್ಕಾಗ 20. ಅಂದರೆ ಒಬ್ಬನಿಗೂ ನೌಕರಿ ಸಿಗುವ ಮೊದಲೇ ನೂರರಲ್ಲಿ 80 ಕೈಸೇರುತ್ತಿತ್ತು. ಕೊನೆಯ 20ರ ಆಸೆ ಬಿಟ್ಟವರಿಗೆ ವೈರಾಗ್ಯ ಕಷ್ಟವೇನಿರಲಿಲ್ಲ.

ಬ್ಯಾಂಕಿನ ವಿದ್ಯೆ: 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯಿಂದ ಬೆಳೆದ, ಬ್ಯಾಂಕುಗಳು ನಡೆಸುವ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆಗಳದ್ದು. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿಯಂಥ ಕಿರು ಅವಧಿಯ ಸ್ವಉದ್ಯೋಗ ಪಾಠ. ಮುಗಿದ ಮೇಲೆ ಎರಡು ವರ್ಷ ಬೆನ್ನುಹತ್ತಿ ವಿಚಾರಿಸಬೇಕೆಂಬ ಕಟ್ಟುಪಾಡು. ಅಳತೆಯ ದೃಷ್ಟಿಯಿಂದ ಇವುಗಳಲ್ಲಿ ಇದೇ ವಾಸಿ.

ಖಾತ್ರಿ ವಿದ್ಯೆ: ಉನ್ನತಿ ಎಂಬ ಹೆಸರಿನದು. ಉದ್ಯೋಗ ಖಾತ್ರಿಯಲ್ಲಿ ವರ್ಷಕ್ಕೆ ನೂರು ದಿನ ಪೂರೈಸಿದ ಮನೆಯ ಒಬ್ಬರಿಗೆ ತರಬೇತಿ, ಜೊತೆಗೆ ಕಳೆದುಕೊಂಡ ಕೂಲಿಗೆ ಬದಲಾಗಿ ಭತ್ಯೆ ಎಂಬುದು ಇದರ ನಿಯಮವಾಗಿತ್ತು. ಇದರ ಸೊಗಸು ಅರ್ಹತೆಯಲ್ಲಿತ್ತು. ಊರಲ್ಲೇ ನೂರು ದಿನ ನಿಂತು ಮಣ್ಣು ಹೊತ್ತವರಿಗೆ ಗುಳೆ ಹೋಗಲು ಪುರುಸೊತ್ತಿರುತ್ತಿರಲಿಲ್ಲ. ಗುಳೆ ಹೋದವರಿಗೆ ನೂರು ದಿನ ತುಂಬುತ್ತಿರಲಿಲ್ಲ. ಆದ್ದರಿಂದ ಈ ವಿದ್ಯೆ ಗುಳೆ ಹೋಗದವರನ್ನೇ ಆರಿಸಿ ಗುಳೆಯಿಂದ ಪಾರುಮಾಡುತ್ತಿತ್ತು. ಇದರ ಯಶಸ್ಸು ಸ್ವತಃಸಿದ್ಧ.

ತೃತೀಯ ಪ್ರಕರಣ: ಶಿಷ್ಯರ ಪ್ರಭೇದಗಳು

ಸಿದ್ಧಶಿಷ್ಯ: ಇಪ್ಪತ್ತು ವರ್ಷ ಗೌಂಡಿ ಕೆಲಸ ಮಾಡಿದವನು. ಮೊದಲೇ ಕಲಿತದ್ದಕ್ಕೆ ಮನ್ನಣೆ ಕೊಡುವ ಏರ್ಪಾಟಿನಲ್ಲಿ ಒಂದೆರಡು ದಿನ ಕೂತು, ಇಟ್ಟಿಗೆ ಎಂದರೇನೆಂಬ ಪ್ರಶ್ನೆಗೆ ಉತ್ತರ ಕೊಟ್ಟು ಪ್ರಮಾಣಪತ್ರ ಪಡೆಯುತ್ತಾನೆ. 500 ರೂಪಾಯಿ ಇನಾಮೂ ಇತ್ತು. ಅವನ ದಿನಗೂಲಿ ಇದರಿಂದ ಏರಿತೇ ಎಂದು ಕೇಳಿದರೆ ಶಾಸ್ತ್ರವಿರೋಧ. ಅವನು ಕೌಶಲ್ಯವಂತರ ಪಟ್ಟಿಗೆ ಏರಿದನಲ್ಲ.

ಋತುಶಿಷ್ಯ: ಬೇಸಿಗೆಯಲ್ಲಿ ಬರುತ್ತಾನೆ, ಕಾಲುವೆಗೆ ನೀರು ಬಂದ ದಿನ ಮಾಯವಾಗುತ್ತಾನೆ.

ಪುನರ್ಜನ್ಮ ಶಿಷ್ಯೆ: ಹೊಲಿಗೆ ಮುಗಿಸಿ ಬ್ಯೂಟಿ ಪಾರ್ಲರ್, ಅದನ್ನು ಮುಗಿಸಿ ಅಗರಬತ್ತಿ. ಮೂರು ಇಲಾಖೆಗಳಿಗೆ ಮೂವರು ಫಲಾನುಭವಿಗಳು, ಊರಿಗೆ ಒಬ್ಬಳೇ ಹೆಣ್ಣುಮಗಳು.

ನಾಮಶಿಷ್ಯ: ಹೆಸರು ಹಾಜರಿ ಪುಸ್ತಕದಲ್ಲಿ, ಮೈ ಬೆಂಗಳೂರಿನಲ್ಲಿ. ಬೆರಳಚ್ಚಿನ ಯಂತ್ರ ಬಂದದ್ದೇ ಇವನ ಕಾಟಕ್ಕೆ.

ಅಲಭ್ಯ ಶಿಷ್ಯೆ: ಇಷ್ಟೆಲ್ಲ ನಡೆಯಬೇಕಾದದ್ದು ಇವಳಿಗಾಗಿ. ನಲವತ್ತರ ಅಂಚು, ಕಬ್ಬಿನ ಜೋಡಿಯಲ್ಲಿ ಅರ್ಧ, ಮೂರು ಮಕ್ಕಳು, ಹೆಬ್ಬೆಟ್ಟು. ವಸತಿ ವಿದ್ಯೆಗೆ ವಯೋಮಿತಿ 35. ಹೆಂಗಸರಿಗೆ 45ರವರೆಗೆ ರಿಯಾಯಿತಿ ಇದೆ, ಮಕ್ಕಳನ್ನು ಎಲ್ಲಿ ಬಿಟ್ಟು ಬರಬೇಕೆಂಬುದಕ್ಕೆ ಇಲ್ಲ. ಇವಳು ಯಾವ ಕೇಂದ್ರಕ್ಕೂ ಬರಲಿಲ್ಲವಾಗಿ ಯಾವ ವರದಿಯನ್ನೂ ಕೆಡಿಸಿಲ್ಲ.

ಚತುರ್ಥ ಪ್ರಕರಣ: ಫಲದ ಪ್ರಭೇದಗಳು

ಯಾಗ ಇಂದು ಮುಗಿಯುತ್ತದೆ, ಸ್ವರ್ಗ ಸತ್ತ ಮೇಲೆ. ಈ ನಡುವಿನ ಅಂತರವನ್ನು ದಾಟಿಸುವ, ಕಣ್ಣಿಗೆ ಕಾಣದ ಶಕ್ತಿಯೊಂದನ್ನು ಮೀಮಾಂಸಕರು ಕಲ್ಪಿಸಿ ಅದಕ್ಕೆ ಅಪೂರ್ವ ಎಂದರು. ತರಬೇತಿ ಮಾರ್ಚ್ ತಿಂಗಳಲ್ಲಿ ಮುಗಿಯುತ್ತದೆ, ಬಾಳು ಹಸನಾಗುವುದು ಯಾವಾಗಲೋ. ಈ ಅಂತರದ ಅಪೂರ್ವವೇ ಮಾಸಿಕ ಪ್ರಗತಿ ವರದಿ. ಅದರಲ್ಲಿ ಕಾಣುವ, ಕಾಣದ ಫಲಗಳು ಐದು.

ಒಂದು, ಕಾಗದಫಲ. ಲ್ಯಾಮಿನೇಷನ್ ಮಾಡಿಸಿದ ಪ್ರಮಾಣಪತ್ರ, ಟ್ರಂಕಿನಲ್ಲಿ ರೇಷನ್ ಕಾರ್ಡಿನ ಮಗ್ಗುಲಲ್ಲಿ ಸುಖವಾಗಿರುತ್ತದೆ.

ಎರಡು, ಪಟಫಲ. ಬ್ಯಾನರಿನ ಮುಂದೆ ಸಾಲಾಗಿ ನಿಂತ ಮೂವತ್ತು ಮಂದಿ, ನಡುವೆ ಶಾಲು ಹೊದ್ದ ಅತಿಥಿ.

ಮೂರು, ತ್ರೈಮಾಸಿಕ ಫಲ. ಯಲಬುರ್ಗಾದ ಹುಡುಗ ಬೆಂಗಳೂರಿನ ಕಂಪನಿಗೆ ಸೇರುತ್ತಾನೆ. ಕೋಣೆ ಬಾಡಿಗೆ, ಮೆಸ್ಸಿನ ಊಟ ಕಳೆದು ಕೈಯಲ್ಲಿ ಉಳಿದದ್ದು ಸೋದರಮಾವ ಗಿಲಾವಿನಲ್ಲಿ ಉಳಿಸುವುದಕ್ಕಿಂತ ಕಡಿಮೆ. ಮೂರನೆಯ ಪಗಾರದ ಚೀಟಿ ಕೈಗೆ ಬಂತು, ನಾಲ್ಕನೆಯ ತಿಂಗಳು ಅವನೂ ಮಾವನ ಗ್ಯಾಂಗಿಗೆ ಹೋದ. ಕಡತದಲ್ಲಿ ಮಾತ್ರ ಅವನು ಇಂದಿಗೂ ಕಂಪನಿಯಲ್ಲೇ ಇದ್ದಾನೆ, ಇರುತ್ತಾನೆ.

ನಾಲ್ಕು, ಗುಪ್ತಫಲ. ಹನುಮಸಾಗರದ ಕಡೆಯ ಒಬ್ಬ ಹೆಣ್ಣುಮಗಳು ಹೊಲಿಗೆ ಕಲಿತು ಮನೆಯ ಪಡಸಾಲೆಯಲ್ಲಿ ಜಂಪರ್ ಹೊಲಿಯುತ್ತಾಳೆ, ಸೀರೆಗೆ ಫಾಲ್ ಹಚ್ಚುತ್ತಾಳೆ ಎಂದಿಟ್ಟುಕೊಳ್ಳಿ. ಜಾತ್ರೆ, ಲಗ್ನದ ದಿನಗಳಲ್ಲಿ ರಾತ್ರಿಯೂ ಮಷಿನ್ ಓಡುತ್ತದೆ, ಉಳಿದಂತೆ ಸುಮ್ಮನಿರುತ್ತದೆ. ಪಗಾರದ ಚೀಟಿ ಇಲ್ಲವಾದ್ದರಿಂದ ಚೀಟಿ ಕೇಳುವ ಯೋಜನೆಗೆ ಅವಳು ಸೋತವಳು. ಆದರೆ ಈ ವರ್ಷ ಅವಳ ಮನೆಯಿಂದ ಕಬ್ಬಿಗೆ ಯಾರೂ ಹೋಗಲಿಲ್ಲ. ಇದನ್ನು ಬರೆಯುವ ಕಾಲಂ ಯಾವ ನಮೂನೆಯಲ್ಲಿದೆ?

ಐದು, ಶೂನ್ಯಫಲ. ಕೌಶಲ್ಯ ವಿಕಾಸ ಯೋಜನೆಯ 2015ರಿಂದ 2022ರವರೆಗಿನ ನಡೆಯನ್ನು ತಪಾಸಣೆ ಮಾಡಿದ ಮಹಾಲೇಖಪಾಲರ ವರದಿ 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂತು. ಪರಿಶೀಲಿಸಿದ ದತ್ತಾಂಶದಲ್ಲಿ ನೂರಕ್ಕೆ 94ಕ್ಕೂ ಹೆಚ್ಚು ಅಭ್ಯರ್ಥಿಗಳ ಬ್ಯಾಂಕ್ ಖಾತೆಯ ಜಾಗದಲ್ಲಿ ಸೊನ್ನೆಗಳೋ, 'ನಲ್' ಎಂಬ ಪದವೋ, ಬರೀ ಖಾಲಿಯೋ ಇತ್ತು. ಶೂನ್ಯವಾದಿಗಳಿಗೆ ಇಷ್ಟು ದೊಡ್ಡ ಅನುಯಾಯಿವರ್ಗ ಹಿಂದೆಂದೂ ಸಿಕ್ಕಿರಲಾರದು.

ಪಂಚಮ ಪ್ರಕರಣ: ಅಳೆಯುವವರ ಪ್ರಭೇದಗಳು

ಕಡತದಿಂದ ಅಳೆಯುವವರು, ಪಟದಿಂದ ಅಳೆಯುವವರು, ಫೋನಿನಿಂದ ಅಳೆಯುವವರು. ಮೊದಲ ಇಬ್ಬರ ವಿಷಯ ಹೇಳಿಯಾಯಿತು. ಮೂರನೆಯವರದ್ದು ಒಂದು ಮಾದರಿ ಸಂವಾದ:

"ಹಲೋ, ಮೊಬೈಲ್ ರಿಪೇರಿ ಟ್ರೇನಿಂಗ್ ತಗೊಂಡಿದ್ರಲ್ರಿ ನೀವು?"

"ಹೌದ್ರಿ ಸರ, ಹೋದ ವರ್ಷ."

"ಈಗ ಕೆಲಸ ಮಾಡಾಕತ್ತೀರೇನು?"

"ಮಾಡಾಕತ್ತೀನ್ರಿ. ಬೆಂಗಳೂರಾಗ, ಮೂರನೇ ಫ್ಲೋರ್‌ನ್ಯಾಗ ಅದೀನಿ."

"ಅಂಗಡಿ ಏನ್ರಿ?"

"ಎಲ್ಲಿ ಅಂಗಡಿ ಸರ, ಗಿಲಾವ್ ಮಾಡಾಕತ್ತೀನಿ."

"ಕೆಲಸ ಅಂತೂ ಐತಲ್ಲ?"

"ಕೆಲಸಕ್ಕೇನ್ ಬರ ಇಲ್ರಿ."

ನಮೂನೆಯಲ್ಲಿ ದಾಖಲು: ಉದ್ಯೋಗದಲ್ಲಿದ್ದಾರೆ.

ಇವನಾದರೂ ಫೋನ್ ಎತ್ತಿದ. ಊರು ಬಿಟ್ಟಾಗ ಸಿಮ್ ಬದಲಾಗುತ್ತದೆ, ರೀಚಾರ್ಜ್ ಮುಗಿಯುತ್ತದೆ, ಫೋನ್ ಅಣ್ಣನ ಕೈಯಲ್ಲಿರುತ್ತದೆ. ಕರೆಗೆ ಸಿಗದವರನ್ನು ಲೆಕ್ಕದಿಂದ ಕೈಬಿಟ್ಟು ಸಿಕ್ಕವರಲ್ಲಿ ನೂರಕ್ಕೆ ಇಷ್ಟು ಎಂದರೆ ಅಂಕಿ ಬಹಳ ಚಂದ ಬರುತ್ತದೆ. ಗುಳೆ ಎಷ್ಟಾಯಿತೆಂದು ಗುಳೆ ಹೋಗದವರನ್ನು ಕೇಳಿದಂತಾಯಿತು.

ಷಷ್ಠ ಪ್ರಕರಣ: ತಗ್ಗಿನ ವಿಚಾರ

ಅಮೆರಿಕದಲ್ಲಿ ಆರ್ಲಿ ಆಶನ್‌ಫೆಲ್ಟರ್ ಎಂಬ ಅರ್ಥಶಾಸ್ತ್ರಜ್ಞರು 1978ರಲ್ಲಿ ಒಂದು ಸಂಗತಿ ತೋರಿಸಿದರು. ಜನ ತರಬೇತಿಗೆ ಸೇರುವುದು ಗಳಿಕೆ ಕುಸಿದಾಗ. ಆ ತಗ್ಗಿನಿಂದ ಅಳೆಯಲು ಹೊರಟರೆ ತರಬೇತಿ ಇಲ್ಲದೆಯೂ ಆಗುತ್ತಿದ್ದ ಏರಿಕೆ ತರಬೇತಿಯ ಖಾತೆಗೆ ಜಮೆಯಾಗುತ್ತದೆ. 1986ರಲ್ಲಿ ರಾಬರ್ಟ್ ಲಲೋಂಡ್, ಚೀಟಿ ಎತ್ತಿದಂತೆ ಆರಿಸಿದ ಎರಡು ಗುಂಪುಗಳ ನಿಜವಾದ ವ್ಯತ್ಯಾಸವನ್ನು ಮುಂದಿಟ್ಟುಕೊಂಡು, ಬೇರೆ ಜಾಣ ಲೆಕ್ಕಾಚಾರಗಳು ಅದರಿಂದ ಎಷ್ಟು ದೂರ ಹೋಗಬಲ್ಲವು ಎಂದು ತೋರಿಸಿದರು. ಆ ದೇಶದಲ್ಲೂ ವಲಸೆ ಹೊಲಗೂಲಿಗಳಿಗೆಂದೇ 1964ರ ಕಾಯ್ದೆಯಿಂದ ಬಂದ ತರಬೇತಿ ಯೋಜನೆಯೊಂದಿದೆ. ಬಿಟ್ಟುಹೋದ ಮೇಲೆ ಎರಡನೆಯ ಮತ್ತು ನಾಲ್ಕನೆಯ ತ್ರೈಮಾಸಿಕದಲ್ಲಿ ಕೆಲಸದಲ್ಲಿದ್ದಾರೆಯೇ ಎಂದು ಅಲ್ಲಿ ನೋಡುತ್ತಾರೆ, ಅಂದರೆ ಸುಮಾರು ವರ್ಷದವರೆಗೆ.

ಈ ತಗ್ಗನ್ನು ಯಲಬುರ್ಗಾಕ್ಕೆ ತನ್ನಿ. ಏಪ್ರಿಲ್ ತಿಂಗಳಲ್ಲಿ ಹೊಲದಲ್ಲಿ ಕೆಲಸವಿಲ್ಲ. ಆಗ ತರಬೇತಿ, ಆಗಲೇ ಆದಾಯದ ಪ್ರಶ್ನೆ. ಆಗಸ್ಟಿನಲ್ಲಿ ಮತ್ತೆ ಕೇಳಿದರೆ ನಾಟಿಯ ಕೂಲಿ ಕೈಯಲ್ಲಿ. ಆದಾಯ ಎರಡು ಪಟ್ಟು! ಪುಣ್ಯ ತರಬೇತಿಗೋ ತುಂಗಭದ್ರೆಗೋ? ತರಬೇತಿಗೆ ಬಾರದ ಪಕ್ಕದ ಮನೆಯವಳನ್ನೂ ಎರಡು ಸಲ ಕೇಳಿದ್ದರೆ ಗೊತ್ತಾಗುತ್ತಿತ್ತು. ಅವಳು ಫಲಾನುಭವಿಯಲ್ಲ, ಅವಳ ಮನೆಗೆ ಹೋದವನಿಗೆ ಪ್ರಯಾಣ ಭತ್ಯೆ ಸಿಗದು.

ಸಪ್ತಮ ಪ್ರಕರಣ: ಸಿದ್ಧಾಂತ

ಇನ್ನು ಮೂಲ ತೊಡಕು. ಉದ್ಯೋಗ ಖಾತ್ರಿಯ ಪ್ರಚಾರದಲ್ಲಿ "ವಲಸೆ ಯಾಕ್ರಿ?" ಎಂದು ಗೋಡೆ ಬರಹ. ಆ ಗೋಡೆಯ ಮುಂದೆಯೇ ಬಸ್ಸು ಹತ್ತಿದ ಕುಷ್ಟಗಿಯ ಹುಡುಗ ಒಂದು ಕಚೇರಿಗೆ ತಡೆಯಲಾಗದ ವಲಸೆಗಾರ, ಅಂದರೆ ಸೋಲು. ತರಬೇತಿ ಕೇಂದ್ರದ ಚೀಟಿ ಹಿಡಿದು ಅದೇ ಬಸ್ಸು ಹತ್ತಿದ್ದರೆ ಇನ್ನೊಂದು ಕಚೇರಿಗೆ ಉದ್ಯೋಗ ಪಡೆದವನು, ಅಂದರೆ ಗೆಲುವು. ಬಸ್ಸು ಒಂದೇ, ಸೀಟೂ ಒಂದೇ ಇರಬಹುದು. ಎರಡು ಕಚೇರಿಗಳ ಅಂಕಿ ಕೂಡಿಸಿದರೆ ಅವನು ಸೊನ್ನೆ.

ಪೂರ್ವಪಕ್ಷಿ ಕೇಳುತ್ತಾನೆ: ಹಾಗಾದರೆ ಗುಳೆ ನಿಲ್ಲುವುದು ಫಲವೋ, ಒಳ್ಳೆಯ ಗುಳೆ ಫಲವೋ? ಸಿದ್ಧಾಂತಿಯ ಉತ್ತರ: ಎರಡೂ ಆಗಬಹುದು, ಆದರೆ ಹೋಗುವವನೇ ನಿರ್ಧರಿಸಿರಬೇಕು. ಮನಸ್ಸಿದ್ದು ಹೋದವನು ಸೋತಿಲ್ಲ. ದಾರಿ ಕಾಣದೆ ಊರಲ್ಲಿ ಕೂತವನು ಗೆದ್ದಿಲ್ಲ. ತರಬೇತಿ ಫಲಿಸಿತೇ ಎಂಬುದಕ್ಕೆ ಒಂದೇ ಪ್ರಮಾಣ: ಮುಂಗಡದ ನೋಟು ಹಿಡಿದು ಬಂದ ಮುಖಂಡನಿಗೆ "ಈ ಸಲ ಬರಾಂಗಿಲ್ರಿ" ಎನ್ನುವ ತಾಕತ್ತು ಆ ಮನೆಗೆ ಬಂತೇ?

ಮುಂದಿನ ನಮೂನೆ ಅಚ್ಚಿಗೆ ಹೋಗುವ ಮೊದಲು ಅದಕ್ಕೆ ನಾಲ್ಕು ಕಾಲಂ ಸೇರಿಸಿ. ಈ ವರ್ಷ ಮನೆಯಿಂದ ಎಷ್ಟು ಮಂದಿ, ಎಷ್ಟು ತಿಂಗಳು ಹೋದರು? ಎಷ್ಟು ಮುಂಗಡ ಪಡೆದಿದ್ದರು, ಎಷ್ಟು ಬಾಕಿ? ಶಾಲೆಯ ಮಕ್ಕಳು ಜೊತೆಗೆ ಹೋದರೇ? ಕಲಿತ ಕೆಲಸವನ್ನೇ ಮಾಡುತ್ತಿದ್ದಾರೆಯೇ? ತರಬೇತಿ ಪಡೆಯದ ನೆರೆಮನೆಯವರನ್ನೂ ಇವನ್ನೇ ಕೇಳಿ. ಮಾರ್ಚ್ 31ರ ಗಡಿಬಿಡಿಯಲ್ಲಿ ಬೇಡ. ಮುಂಗಾರು ಬಿತ್ತನೆಗೆ ಜನ ಊರಿಗೆ ಬಂದಾಗ, ಮನೆ ಬಾಗಿಲಿಗೆ ಹೋಗಿ, ಒಂದು ವರ್ಷದ ಮೇಲೆ ಇನ್ನೊಂದು ಸಲ ಕೇಳಿ. ಅಂಕಿ ಇಳಿಯುತ್ತದೆ. ಇಳಿದ ಅಂಕಿಯನ್ನೇ ಬರೆಯಿರಿ.