ಹಲಸಿನ ಹಪ್ಪಳವೂ ಪ್ರಮಾಣಚತುಷ್ಟಯವೂ

ಆನ್‌ಲೈನ್ ಅಂಗಡಿಯೆಂಬ ನಿರಾಕಾರ ವಿಪಣಿಯಲ್ಲಿ ಯಾವ ಪದಾರ್ಥವು ವಿಕ್ರಯಾರ್ಹ, ಯಾವುದು ಅಲ್ಲ ಎಂಬ ಜಿಜ್ಞಾಸೆಯನ್ನು ಪ್ರಾಚೀನ ನೈಯಾಯಿಕರು ಎತ್ತಿಕೊಳ್ಳದೆ ಹೋದುದಕ್ಕೆ ಅವರ ಕಾಲದಲ್ಲಿ ಕೊರಿಯರ್ ಇಲ್ಲದಿದ್ದುದೇ ಕಾರಣವಲ್ಲದೆ ಬುದ್ಧಿಮಾಂದ್ಯವಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಆ ಕೊರತೆಯನ್ನು ತುಂಬಲೋಸುಗ, ಮಲೆನಾಡಿನ ನಮ್ಮ ಅಂಗಳದ ಚಾಪೆಯ ಮೇಲೆ ಮನೆಯಾಕೆ ಒಣಹಾಕಿದ್ದ ಹಲಸಿನ ಹಪ್ಪಳವನ್ನೇ ಪಕ್ಷವಾಗಿಟ್ಟುಕೊಂಡು, ಶಬ್ದ, ಉಪಮಾನ, ಅನುಮಾನ, ಪ್ರತ್ಯಕ್ಷಗಳೆಂಬ ನ್ಯಾಯಶಾಸ್ತ್ರದ ಗೌತಮನು ಹೇಳಿದ ಪ್ರಮಾಣಗಳನ್ನು, ಎಂದರೆ ಜ್ಞಾನಸಾಧನಗಳನ್ನು, ಅದರ ಮೇಲೆ ಪ್ರಯೋಗಿಸಿದ ವೃತ್ತಾಂತವೇ ಈ ಪ್ರಬಂಧವು.

ಮೊದಲನೆಯದು ಶಬ್ದ, ಅಂದರೆ ಆಪ್ತವಾಕ್ಯ. ಶಾಸ್ತ್ರದಲ್ಲಿ ಆಪ್ತನೆಂದರೆ ಇದ್ದುದನ್ನು ಇದ್ದಂತೆ ನುಡಿಯುವವನು. ಲೋಕದಲ್ಲಿ ಆಪ್ತನೆಂದರೆ ನೆಂಟ. ಕರಿದ ಹಪ್ಪಳವನ್ನು ಕಾಫಿಯೊಡನೆ ಸೇವಿಸಿದ ನೆಂಟರೆಲ್ಲರೂ "ಇದನ್ನ ಆನ್‌ಲೈನಲ್ಲಿ ಹಾಕಿ ಮಾರಾಯ್ರೆ, ಬೆಂಗಳೂರಿನವ್ರು ಮುಗಿಬೀಳ್ತಾರೆ" ಎಂದು ಏಕಕಂಠದಿಂದ ಘೋಷಿಸಿದರು. ಕಟ್ಟಿನ ಬೆಲೆಯನ್ನು ಉಸುರಿದೊಡನೆ ಎಲ್ಲರಿಗೂ ಬಸ್ಸಿನ ಹೊತ್ತಾಯಿತು. ಪುಕ್ಕಟೆ ತಿಂದವನ ಸಾಕ್ಷ್ಯವು ಅಗ್ರಾಹ್ಯವೆಂದು ಸಿದ್ಧವಾಯಿತು.

ಎರಡನೆಯದು ಉಪಮಾನ. ಗೋವನ್ನು ಬಲ್ಲವನು ಗವಯವನ್ನು ಗುರುತಿಸುವಂತೆ, ಪರರು ಮಾರುವ ಹಪ್ಪಳದಿಂದ ನಮ್ಮದರ ಭವಿಷ್ಯವನ್ನು ಅರಿಯುವುದು. ಇಲ್ಲಿ ಐದು ನಕ್ಷತ್ರದ ಪ್ರಶಂಸೆಗಳಿಗಿಂತ ಒಂದು ನಕ್ಷತ್ರದ ಬೈಗುಳಗಳೇ ಬೋಧಪ್ರದ: ರುಚಿಯನ್ನು ದೂರಿದವರು ವಿರಳ, ಪುಡಿಯಾಗಿ ಬಂತೆಂದು ಗೋಳಿಟ್ಟವರೇ ಬಹಳ.

ಮೂರನೆಯದು ಅನುಮಾನ. ಬೆಟ್ಟದಲ್ಲಿ ಹೊಗೆಯಿದ್ದರೆ ಬೆಂಕಿಯೂ ಇರಬೇಕು. ಅಂತೆಯೇ ಚಿತ್ರವನ್ನು ಒತ್ತಿ ನೋಡಿದವರಿದ್ದರೆ ಕೊಳ್ಳುವವರೂ ಇರಬೇಕು. ಆದರೆ ಮಲೆನಾಡಿನಲ್ಲಿ ಹುಟ್ಟಿದವನಿಗೆ, ಬೆಟ್ಟದ ಮೇಲೆ ಹೊಗೆಯಂತೆ ತೋರುವುದು ಬಹುಪಾಲು ಮಂಜೇ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೋರಿದ ಹೇತುವೇ ಅಲ್ಲಿಲ್ಲದ ಇದು ಅಸಿದ್ಧವೆಂಬ ಹೇತ್ವಾಭಾಸ.

ಉಳಿದುದು ಪ್ರತ್ಯಕ್ಷ, ಎಂದರೆ ಅಪರಿಚಿತನ ಹಣ. 1999ರಲ್ಲಿ ಅಮೆರಿಕದ ನಿಕ್ ಸ್ವಿನ್‌ಮರ್ನ್ ಎಂಬಾತನು, ಮುಂದೆ ಝ್ಯಾಪೋಸ್ ಎಂದು ಹೆಸರಾದ ಅಂಗಡಿಯನ್ನು ತೆರೆಯುವ ಮುನ್ನ, ದಾಸ್ತಾನಿನ ಗೊಡವೆಯಿಲ್ಲದೆ, ಊರ ಅಂಗಡಿಗಳಲ್ಲಿದ್ದ ಪಾದರಕ್ಷೆಗಳ ಚಿತ್ರವನ್ನು ಹಾಕಿ, ಬೇಡಿಕೆ ಬಂದಾಗ ಅಲ್ಲಿಂದಲೇ ಪೂರ್ತಿ ಬೆಲೆಗೆ ಕೊಂಡು ಕಳುಹಿಸಿದನು. ಲಾಭವನ್ನು ಬಿಟ್ಟು ಜ್ಞಾನವನ್ನು ಗಳಿಸಿದ ಈತನೇ ನಮಗೆ ದೃಷ್ಟಾಂತ. ನಾನೂ ಆಹಾರ ಪರವಾನಗಿಯ 14 ಅಂಕೆಗಳನ್ನು ಮುದ್ರಿಸಿಕೊಂಡು, 20 ಕಟ್ಟುಗಳನ್ನು ಮಾತ್ರ, ಮುಂಗಡ ಹಣಕ್ಕೆ ಮಾತ್ರ ಮಾರಾಟಕ್ಕಿಟ್ಟೆನು. ಏಕೆಂದರೆ ಬಾಗಿಲಿಗೆ ಬಂದಾಗ ಹಣವೆಂಬ ಬೇಡಿಕೆಯು ಕೇವಲ ಸಂಕಲ್ಪ, ಬೀಗ ಹಾಕಿದ ಬಾಗಿಲಿನಿಂದ ಮರಳುವ ಪೊಟ್ಟಣದ ಎರಡು ದಾರಿಯ ಬಾಡಿಗೆಯೂ ಮಾರುವವನದೇ.

ಇಲ್ಲಿ ನೈಯಾಯಿಕರು ಎಣಿಸುವ ಅಭಾವಗಳು, ಎಂದರೆ ಇಲ್ಲದಿರುವಿಕೆಯ ಬಗೆಗಳು, ಒಂದೊಂದಾಗಿ ಗೋಚರಿಸಿದವು. ಮುರಿದ ಹಪ್ಪಳ ಪ್ರಧ್ವಂಸಾಭಾವ. ಚಿತ್ರದ ಹಪ್ಪಳ ಬೇರೆ, ಬಂದ ಹಪ್ಪಳ ಬೇರೆ ಎಂಬುದು ಅನ್ಯೋನ್ಯಾಭಾವ. ಮುರಿಯದಿರಲೆಂದು ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ, ಉದ್ದ, ಅಗಲ, ಎತ್ತರಗಳ ಸೆಂಟಿಮೀಟರುಗಳನ್ನು ಗುಣಿಸಿ 5000ದಿಂದ ಭಾಗಿಸುವ ಕೊರಿಯರಿನವರ ರೂಢಿಯಂತೆ, 30, 25, 10ರ ಪೆಟ್ಟಿಗೆಗೆ ಒಂದೂವರೆ ಕಿಲೋ ತೂಕ. ಒಳಗಿನ ಹಪ್ಪಳ ಅರ್ಧ ಕಿಲೋ, ಮಿಕ್ಕುದು ಮಲೆನಾಡಿನ ಶುದ್ಧ ಗಾಳಿ. ಇದನ್ನೆಲ್ಲ ಕಳೆದು ನೋಡಿದಾಗ ಲಾಭದ ಜಾಗದಲ್ಲಿ ಕಂಡದ್ದು ಅತ್ಯಂತಾಭಾವ. ಬೆಲೆಯನ್ನು ಏರಿಸದೆ ಗತ್ಯಂತರವಿರಲಿಲ್ಲ.

ಈ ಲೆಕ್ಕವನ್ನು ಬರೆಯುತ್ತಿರಲು ಅಂಗಳದಿಂದ ಧ್ವನಿ ಬಂದಿತು: "ಏನ್ರೀ, ಪ್ರಮಾಣ ಆಮೇಲೆ ಮಾಡಿ, ಮೊದ್ಲು ಕಾಗೆ ಓಡಿಸಿ!"

ಏರಿಸಿದ ಬೆಲೆಗೂ ಕಟ್ಟುಗಳು ಖರ್ಚಾದವು. ಆದರೆ ನಿಗಮನವು ಮೊದಲ ಖರೀದಿಯಲ್ಲಿಲ್ಲ. ಕುತೂಹಲದಿಂದ ಯಾರಾದರೂ ಒಮ್ಮೆ ಕೊಂಡಾರು. ಗುರುತು ಪರಿಚಯವಿಲ್ಲದವನು, ಬೆಲೆಯನ್ನು ಬಲ್ಲವನು, ಮೊದಲ ಕಟ್ಟನ್ನು ಕರಿದು ತಿಂದವನು ಎರಡನೆಯ ಸಲ ಹಣ ಕಳುಹಿಸಿದರೆ ಪದಾರ್ಥವು ವಿಕ್ರಯಾರ್ಹ. ಇಲ್ಲವಾದರೆ ಮನೆಯಲ್ಲೇ ಕರಿದು ತಿನ್ನುವುದು. ನಮಗೆ ಅಂತಹ ಮೂವರು ದೊರೆತರು. ಅಷ್ಟರಲ್ಲಿ ಮಳೆ ಹಿಡಿದಿತ್ತು, ಹಲಸು ಹಣ್ಣಾಗಿ ಉದುರಿತ್ತು. ಬರುವ ಬೇಸಗೆಯವರೆಗೆ ಹಪ್ಪಳವು ಪ್ರಾಗಭಾವದಲ್ಲಿರುವುದೆಂದು ಗ್ರಾಹಕ ಮಹಾಶಯರು ತಿಳಿಯತಕ್ಕದ್ದು.