ಅಗ್ಗದ ಫಾರಿನ್ನು

ಲ್ಯಾಪ್‌ಟಾಪ್ ಹೊತ್ತು ಯಾವುದಾದರೂ ಅಗ್ಗದ ದೇಶದಲ್ಲಿ ಕೂತು ಕೆಲಸ ಮಾಡಬೇಕೆಂಬುದು ನಮ್ಮ ಮಧುಗಿರಿ ಹುಡುಗನ ಹಟ. ಥಾಯ್ಲೆಂಡ್ 2024ರಲ್ಲಿ ಇಂಥವರಿಗೆಂದೇ 5 ವರ್ಷದ ವೀಸಾ ತೆರೆದಿದೆ. ಆದರೆ ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು. ಅಗ್ಗದ ಊರಿಗೆ ಹೋಗಲು ಮೊದಲು ಸಾಹುಕಾರನಾಗಬೇಕು, ನೋಡಿ!

‘ಶಿರಾಕ್ಕೆ ಹೋಗ್ಲಾ, 1687ರಲ್ಲಿ ಮೊಗಲ್ರೇ ಅಷ್ಟು ದೂರದಿಂದ ಬಂದು ತಳವೂರಿದ್ರು’ ಎಂದರು ಅವನಜ್ಜ. ಕೊರಟಗೆರೆ? ‘ಗೊರವನಹಳ್ಳಿ ಲಕ್ಷ್ಮಿ ಅಲ್ಲೇ ಅವ್ಳೆ, ಆ 5 ಲಕ್ಷ ಅವಳನ್ನೇ ಕೇಳು.’

ನನ್ನ ಓಟು ಪಾವಗಡಕ್ಕೆ. ಮೂರು ಕಡೆ ಆಂಧ್ರ, ಬೀದಿಯಲ್ಲಿ ತೆಲುಗು, 2,050 ಮೆಗಾವಾಟಿನ ಸೋಲಾರ್ ಪಾರ್ಕು; ಫಾರಿನ್ನಿಗೆ ಇನ್ನೇನು ಕಮ್ಮಿ? ವೀಸಾ ಬೇಡ, ಶನಿಮಹಾತ್ಮನಿಗೊಂದು ಎಳ್ಳುದೀಪ ಸಾಕು.

ಹುಡುಗ ಒಪ್ಪಿಲ್ಲ. ಇನ್‌ಸ್ಟಾಗ್ರಾಮಿಗೆ ಸಮುದ್ರ ಬೇಕಂತೆ.