ಲೇತ್ ಶೆಡ್ಡಿನಲ್ಲಿ ಕೌಟಿಲ್ಯ: ಅಂಬತ್ತೂರು ಪಾಠದ ಪರಿಶೀಲನೆ

ಮ್ಯಾನೇಜ್‌ಮೆಂಟ್ ಪಂಡಿತರು ಕೌಟಿಲ್ಯನನ್ನು ಓದುವುದು ವಿಜಿಗೀಷುವಿಗಾಗಿ, ಅಂದರೆ ಗೆಲ್ಲಹೊರಟ ರಾಜನಿಗಾಗಿ. ಸ್ಟಾರ್ ಹೋಟೆಲಿನ ಸೆಮಿನಾರಿಗೆ ಅದೇ ಒಪ್ಪುತ್ತದೆ. ಆದರೆ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ 15 ಅಧಿಕರಣಗಳಿವೆ. ಹನ್ನೆರಡನೆಯದು ‘ಆಬಲೀಯಸ’: ಬಲವಿಲ್ಲದವನು ಬಲಿಷ್ಠನೆದುರು ಬದುಕುವ ಬಗೆ. 1960ರ ದಶಕದಲ್ಲಿ ಎದ್ದ ಚೆನ್ನೈನ ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಶೆಡ್ಡುಗಳು ಇಂದಿಗೂ ನಡೆಯುತ್ತಿರುವುದು ಇದೊಂದರ ಮೇಲೆಯೇ ಎಂಬುದು ಪ್ರಸ್ತುತ ಸಂಶೋಧಕನ ನಮ್ರ ಸಿದ್ಧಾಂತ. (ಪೀಣ್ಯದ ಓದುಗರು ಊರಿನ ಹೆಸರು ಬದಲಿಸಿಕೊಂಡು ಓದಬಹುದು.)

ರಾಜ್ಯವೆಂದರೆ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷಿನ್, ಊದುಬತ್ತಿ ಹೊಗೆಗೆ ಕಪ್ಪಾದ ಮುರುಗನ ಪಟ, ಮೊಳೆಗೆ ಚುಚ್ಚಿದ ಡೆಲಿವರಿ ಚಲನ್ನುಗಳ ಕಂತೆ. ರಾಜ್ಯದ ಸಪ್ತಾಂಗಗಳಲ್ಲಿ ದಂಡವೊಂದು (ಸೈನ್ಯ) ಕಾಣುವುದಿಲ್ಲ. ಅದು ಮಾಲು ಕೊಳ್ಳುವ ದೊಡ್ಡ ಕಂಪನಿಯ ಪರ್ಚೇಸ್ ಆಫೀಸರ ಬಳಿಯಿದೆ.

ದಂಡೆತ್ತಿ ಬರುವವರು ಮೂರು ಬಗೆ. ಧರ್ಮವಿಜಯಿಗೆ ಶರಣೆಂದರೆ ಸಾಕು. ‘ವಣಕ್ಕಂ ಸಾರ್’ ಅಂದರೆ ಡ್ರಾಯಿಂಗ್ ಕೈಗಿಟ್ಟು ಕಳಿಸುತ್ತಾನೆ. ಈ ತಳಿ ನಶಿಸುತ್ತಿದೆ. ಲೋಭವಿಜಯಿಗೆ ನೆಲ, ದುಡ್ಡು ಬೇಕು: ಉಕ್ಕಿನ ಬೆಲೆ ಏರಿದ ವರ್ಷವೂ ಏಪ್ರಿಲ್ ಬಂತೆಂದರೆ ರೇಟು ಇಳಿಸಿ ಎನ್ನುತ್ತಾನೆ. ಅಸುರವಿಜಯಿ ನೆಲ, ದುಡ್ಡು, ಹೆಂಡತಿ ಮಕ್ಕಳು, ಪ್ರಾಣ ಎಲ್ಲವನ್ನೂ ಕೇಳುತ್ತಾನೆ. ಇಲ್ಲಿ ಪಾಠಾಂತರವುಂಟು. ಅಂಬತ್ತೂರು ಪಾಠದಂತೆ ಈತ ಡೈ, ಫಿಕ್ಸ್‌ಚರ್, ಕೊನೆಗೆ ಪಳಗಿದ ಸಿಎನ್‌ಸಿ ಆಪರೇಟರನ್ನೂ ಎತ್ತಿಕೊಂಡು ಹೋಗುತ್ತಾನೆ. ಹೆಂಡತಿ ಮಕ್ಕಳನ್ನು ಬಿಡುತ್ತಾನೆ; ಕರೆದೊಯ್ದರೆ ಪಿಎಫ್ ಕಟ್ಟಬೇಕಲ್ಲ.

ಬಡವ ಏನು ಮಾಡಬೇಕು? ಕೌಟಿಲ್ಯ ಉಲ್ಲೇಖಿಸುವ ಆಚಾರ್ಯರಲ್ಲಿ ಬೆತ್ತದಂತೆ ಬಾಗು ಎಂದ ಭಾರದ್ವಾಜ. ಇದ್ದಬದ್ದ ಪಡೆಯೊಂದಿಗೆ ನುಗ್ಗು ಎಂದ ವಿಶಾಲಾಕ್ಷ. ಎರಡೂ ಬೇಡ, ಇನ್ನೊಬ್ಬ ಬಲಿಷ್ಠನ ಆಸರೆ ಹಿಡಿ ಎಂದ ಕೌಟಿಲ್ಯ. ಎಸ್ಟೇಟಿನಲ್ಲಿ ಈ ಇನ್ನೊಬ್ಬನಿಗೆ ಎರಡನೇ ಕಸ್ಟಮರ್ ಎನ್ನುತ್ತಾರೆ. ಮೊದಲನೆಯವನಿಗೆ ಸುಳಿವು ಸಿಗದಂತೆ ಇವನ ಮಾಲು ರಾತ್ರಿ ಶಿಫ್ಟಿನಲ್ಲಿ ತಯಾರಾಗುತ್ತದೆ. ದ್ವೈಧೀಭಾವಕ್ಕೆ, ಅಂದರೆ ಇಬ್ಬಗೆಯ ನೀತಿಗೆ, ಭಾಷ್ಯಕಾರರು ಇಷ್ಟು ಚೊಕ್ಕ ಉದಾಹರಣೆ ಕೊಟ್ಟಿಲ್ಲ.

ಅಸ್ತ್ರವೇ ಇಲ್ಲವೆನ್ನುವಂತಿಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸಣ್ಣ ಘಟಕದಿಂದ ಮಾಲು ಒಪ್ಪಿಕೊಂಡ ಮೇಲೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಾಕ್ಷಾತ್ ಬ್ರಹ್ಮಾಸ್ತ್ರ. ಬಿಟ್ಟರೆ ಮುಂದಿನ ಆರ್ಡರ್ ಬರಲಿಕ್ಕಿಲ್ಲವೆಂಬ ಅಂಜಿಕೆಗೆ ಬತ್ತಳಿಕೆಯಲ್ಲೇ ಉಳಿಯುತ್ತದೆ. ಬಾಕಿ ಉಳಿಸಿಕೊಂಡ ಪ್ರಭುಗಳು ಯಾರಾದರೂ ಈ ಪ್ರಬಂಧವನ್ನು ಇಲ್ಲಿಯವರೆಗೆ ಓದಿದ್ದರೆ, ವಿಮರ್ಶೆ ಆಮೇಲೆ ಬರೆಯಿರಿ. ಮೊದಲು ಅಕೌಂಟ್ಸ್‌ಗೆ ಒಂದು ಫೋನ್ ಮಾಡಿ.